ಕಾಲೇಜ್ ಎಸ್ಸೇಲಿ ‘ಹೀ’ ಅಂತ ಬರೆದ್ರೆ ಮಾರ್ಕ್ಸ್ ಹೋಗುತ್ತಾ? ಪದೇ ಪದೇ ಕೇಳೋ ಪ್ರಶ್ನೆಗಳು

ಅಮೆರಿಕದ ಕಾಲೇಜಿಗೆ ಸೇರಿದ ನಮ್ಮ ಕಡೆ ಹುಡುಗ್ರು ಹುಡುಗೀರು ಮೊದಲ್ನೇ ಸೆಮಿಸ್ಟರ್‌ನಲ್ಲೇ ಕೇಳೋ ಪ್ರಶ್ನೆಗಳು ಇವು. ಎಸ್ಸೇ ವಾಪಸ್ ಬಂದಿರುತ್ತೆ, ಪಕ್ಕದಲ್ಲಿ ‘ಜೆಂಡರ್ಡ್ ಲ್ಯಾಂಗ್ವೇಜ್’ ಅಂತ ಒಂದು ಕಾಮೆಂಟ್ ಬಿದ್ದಿರುತ್ತೆ, ಗ್ರಾಮರ್ ತಪ್ಪಾ, ಪಾಲಿಟಿಕ್ಸಾ, ಮೇಡಂಗೆ ನನ್ನ ಕಂಡ್ರೆ ಆಗಲ್ವಾ ಅಂತ ತಲೆ ಕೆಡುತ್ತೆ. ಫಸ್ಟ್ ಇಯರ್ ಎಸ್ಸೇಗಳನ್ನ ಗ್ರೇಡ್ ಮಾಡಿದ ಅನುಭವದ ಮೇಲೆ ನನಗೆ ತಿಳಿದಷ್ಟು ಹೇಳಿದೀನಿ, ಕೆಲವು ಕಡೆ ನನ್ನ ಅಭಿಪ್ರಾಯಾನೂ ಸೇರ್ಕೊಂಡಿದೆ.

ಮೊದಲು ಇದೇನು ಅಂತ ಹೇಳಿ, ಜೆಂಡರ್ ನ್ಯೂಟ್ರಲ್ ಅಂದ್ರೆ?

ಗಂಡು ಹೆಣ್ಣು ಅಂತ ಹೇಳೋ ಅಗತ್ಯ ಇಲ್ಲದ ಕಡೆ ಹೇಳದೇ ಬರೆಯೋದು, ಅಷ್ಟೇ. ‘ಚೇರ್ಮನ್’ ಬದಲು ‘ಚೇರ್’, ‘ಫೈರ್‌ಮನ್’ ಬದಲು ‘ಫೈರ್‌ಫೈಟರ್’, ‘ಮ್ಯಾನ್‌ಕೈಂಡ್’ ಬದಲು ‘ಹ್ಯುಮ್ಯಾನಿಟಿ’, ಯಾರೋ ಒಬ್ಬ ವಿದ್ಯಾರ್ಥಿ ಬಗ್ಗೆ ಮಾತಾಡುವಾಗ ಕಣ್ಮುಚ್ಚಿ ‘ಹೀ’ ಅಂತ ಹಾಕದೇ ಇರೋದು. ನಿರ್ದಿಷ್ಟವಾಗಿ ಒಬ್ಬ ಗಂಡಸಿನ ಬಗ್ಗೆ ಬರೀತಿದ್ರೆ ಧಾರಾಳವಾಗಿ ‘ಹೀ’ ಬರೀರಿ, ಯಾರೂ ಏನೂ ಅನ್ನಲ್ಲ. ತುಂಬಾ ಜನ ಇದನ್ನ ತಪ್ಪು ತಿಳ್ಕೊಂಡು ಅಬ್ರಹಾಂ ಲಿಂಕನ್‌ಗೂ ‘ಹೀ’ ಬದಲು ‘ದೇ’ ಹಾಕಿ ಕೊಡ್ತಾರೆ, ಅದು ಬೇಡ.

ನಿಜವಾಗ್ಲೂ ಇದಕ್ಕೆ ಮಾರ್ಕ್ಸ್ ಕಟ್ ಮಾಡ್ತಾರಾ, ಅಥ್ವಾ ಬರೀ ವಾಟ್ಸಾಪ್ ಕಥೇನಾ?

ಮಾಡಿದ್ದಾರೆ. ಹೆಚ್ಚು ಸುದ್ದಿ ಆಗಿದ್ದು 2017ರಲ್ಲಿ ನಾರ್ದರ್ನ್ ಅರಿಜೋನಾ ಯೂನಿವರ್ಸಿಟೀಲಿ, ಇಂಗ್ಲಿಷ್ ಕ್ಲಾಸಿನ ಒಂದು ಪೇಪರ್‌ನಲ್ಲಿ ‘ಮ್ಯಾನ್‌ಕೈಂಡ್’ ಅಂತ ಬರೆದಿದ್ದಕ್ಕೆ ಒಬ್ಬ ವಿದ್ಯಾರ್ಥಿನಿಗೆ ಒಂದು ಪಾಯಿಂಟ್ ಹೋಯ್ತು. ನಿನ್ನ ಪದ ನೀನು ಹಾಗೇ ಇಟ್ಕೋಬಹುದು, ಆದ್ರೆ ಈ ಕ್ಲಾಸಲ್ಲಿ ಒಂದು ಪಾಯಿಂಟ್ ಹೋಗುತ್ತೆ ಅನ್ನೋ ಧಾಟಿಯಲ್ಲಿತ್ತು ಪ್ರೊಫೆಸರ್ ಉತ್ತರ. ಒಂದೇ ಒಂದು ಪಾಯಿಂಟ್. ದೇಶದ ತುಂಬಾ ಟಿವಿ ಪೇಪರ್‌ಗಳಲ್ಲಿ ಬಂತು, ಒಂದು ಕಡೆಯೋರು ವಾಕ್‌ಸ್ವಾತಂತ್ರ್ಯ ಸತ್ತೋಯ್ತು ಅಂದ್ರು, ಇನ್ನೊಂದು ಕಡೆಯೋರು ಎಡಿಟಿಂಗ್ ಅಂದ್ರೆ ಇದೇ ಅಲ್ವಾ ಅಂದ್ರು.

ನನ್ನ ಪ್ರಕಾರ ಆ ಗಲಾಟೇಲಿ ಯಾರೂ ಕೇಳದ ಪ್ರಶ್ನೆ ಒಂದಿತ್ತು, ಆ ವಾಕ್ಯದಲ್ಲಿ ‘ಮ್ಯಾನ್‌ಕೈಂಡ್’ ಏನು ಕೆಲಸ ಮಾಡ್ತಿತ್ತು? ಫಸ್ಟ್ ಇಯರ್ ಎಸ್ಸೇಗಳಲ್ಲಿ ಈ ಪದ ಬರೋದು ಸಾಮಾನ್ಯವಾಗಿ ಮೊದಲ್ನೇ ಸಾಲಲ್ಲಿ, ‘ಅನಾದಿಕಾಲದಿಂದಲೂ ಮನುಕುಲವು’ ಅಂತ ನಾವು ಇಲ್ಲಿ ಶುರು ಮಾಡ್ತೀವಲ್ಲ ಅದೇ ಥರ. ಅದನ್ನ ‘ಹ್ಯುಮನ್‌ಕೈಂಡ್’ ಅಂತ ತಿದ್ದಿದ್ರೂ ಆ ಸಾಲು ಅಷ್ಟೇ ಟೊಳ್ಳು. ನಾನಾದ್ರೆ ಸಾಲನ್ನೇ ಹೊಡೆದು ಹಾಕಿ ಅಂತ ಬರೀತಿದ್ದೆ, ಪದದ ಬಗ್ಗೆ ಮಾತೇ ಎತ್ತುತ್ತಿರಲಿಲ್ಲ.

ದಿನನಿತ್ಯದ ಗ್ರೇಡಿಂಗ್‌ನಲ್ಲಿ ಇದರಿಂದ ಎ ಬರೋದು ಬಿ ಆಗೋದಿಲ್ಲ. ಥೀಸಿಸ್ (ಎಸ್ಸೇಯ ಮುಖ್ಯ ವಾದ), ಎವಿಡೆನ್ಸ್, ಆರ್ಗನೈಸೇಷನ್ ಇವೇ ದೊಡ್ಡ ಪಾಲು, ಸ್ಟೈಲು ಗ್ರಾಮರ್ ಅನ್ನೋ ಕೊನೇ ಸಾಲಲ್ಲಿ ಇದೂ ಒಂದು ಮೂಲೇಲಿ ಬರುತ್ತೆ.

ನಮಗೆ ಸ್ಕೂಲಲ್ಲಿ ‘ಎವ್ರಿ ಸ್ಟೂಡೆಂಟ್ ಮಸ್ಟ್ ಬ್ರಿಂಗ್ ಹಿಸ್ ಬುಕ್’ ಅನ್ನೋದೇ ಸರಿ ಅಂತ ಕಲ್ಸಿದ್ರಲ್ಲ?

ಕಲ್ಸಿದ್ರು, ಆಗಿನ ಗ್ರಾಮರ್ ಬುಕ್ಕುಗಳ ಪ್ರಕಾರ ಅದು ಸರೀನೇ. ‘ಹೀ’ ಅಂದ್ರೆ ಇಬ್ರೂ ಸೇರ್ತಾರೆ ಅನ್ನೋ ನಿಯಮ 18ನೇ ಶತಮಾನದ ಗ್ರಾಮರ್ ಬುಕ್ಕುಗಳಿಂದ ಗಟ್ಟಿಯಾಗ್ತಾ ಬಂತು, 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನುಗಳಲ್ಲಿ ಪುಲ್ಲಿಂಗ ಪದ ಬಳಸಿದ್ರೆ ಅದರಲ್ಲಿ ಹೆಂಗಸ್ರೂ ಸೇರಿದ್ರು ಅಂತ ತಿಳ್ಕೋಬೇಕು ಅಂತ ಕಾಯ್ದೆನೇ ಮಾಡ್ತು, ಅದರ ಮರಿ ನಮ್ಮಲ್ಲೂ ಇದೆ, 1897ರ ಜನರಲ್ ಕ್ಲಾಸಸ್ ಆಕ್ಟ್‌ನ 13ನೇ ಸೆಕ್ಷನ್ ತೆಗೆದು ನೋಡಿ. ನಮ್ಮ ಇಂಗ್ಲಿಷ್ ಮೇಷ್ಟ್ರುಗಳು ಕಲ್ಸಿದ್ದು ಆ ಸಂಪ್ರದಾಯದ ಇಂಗ್ಲಿಷ್.

ಅಮೆರಿಕದಲ್ಲಿ ಅದು ಬದಲಾಗಿದ್ದು 1970ರ ದಶಕದಲ್ಲಿ, ಮಹಿಳಾ ಚಳವಳಿ ಜೊತೆಗೆ. 1975ರಲ್ಲಿ ಇಂಗ್ಲಿಷ್ ಟೀಚರ್‌ಗಳ ರಾಷ್ಟ್ರೀಯ ಸಂಘ ಎನ್‌ಸಿಟಿಇ ತನ್ನ ಪ್ರಕಟಣೆಗಳಿಗೆ ಗೈಡ್‌ಲೈನ್ಸ್ ತಂತು, 1977ರಲ್ಲಿ ಸೈಕಾಲಜಿಯವರ ಸಂಘ ಎಪಿಎ ತನ್ನ ಜರ್ನಲ್‌ಗಳಿಗೆ ತಂತು. ಅಂದ್ರೆ ಇದು ನಿನ್ನೆ ಮೊನ್ನೆ ಟ್ವಿಟರ್‌ನಲ್ಲಿ ಹುಟ್ಟಿದ ಗಲಾಟೆ ಅಲ್ಲ, ಐವತ್ತು ವರ್ಷ ಹಳೇದು. ‘ಹೀ’ ಅಂದ್ರೆ ಇಬ್ರೂ ಸೇರ್ತಾರೆ ಅನ್ನೋದನ್ನ ಸೈಕಾಲಜಿ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಪರೀಕ್ಷೆ ಮಾಡಿದ್ದಾರೆ, ಓದೋರ ತಲೇಲಿ ಬರೋ ಚಿತ್ರ ಹೆಚ್ಚಾಗಿ ಗಂಡಸಿಂದೇ ಅಂತ ಕಂಡಿದೆ.

ಆದ್ರೆ ‘ದೇ’ ಬಹುವಚನ ಅಲ್ವಾ? ಒಬ್ಬರಿಗೆ ‘ದೇ’ ಹಾಕಿದ್ರೆ ಗ್ರಾಮರ್ ತಪ್ಪಲ್ವಾ?

ಈ ಪ್ರಶ್ನೆ ಕನ್ನಡದೋರು ಕೇಳಿದಾಗ ನನಗೆ ಸ್ವಲ್ಪ ನಗು ಬರುತ್ತೆ. ‘ನಮ್ಮ ಮೇಷ್ಟ್ರು ಬಂದ್ರು’ ಅಂತೀವಿ, ಬಂದಿದ್ದು ಒಬ್ರೇ. ಇಂಗ್ಲಿಷ್‌ನವರೇ ‘ಯು ಆರ್’ ಅಂತ ಒಬ್ಬರಿಗೂ ಅಂತಾರೆ, ಅದೂ ಮೂಲತಃ ಬಹುವಚನ. ಏಕವಚನದ ‘ದೇ’ಗೆ ಆಕ್ಸ್‌ಫರ್ಡ್ ಡಿಕ್ಷನರಿ ಕೊಡೋ ಹಳೇ ಉದಾಹರಣೆ 1375ರದ್ದು, ಶೇಕ್ಸ್‌ಪಿಯರ್‌ನಲ್ಲಿದೆ, ಜೇನ್ ಆಸ್ಟಿನ್‌ನಲ್ಲಿ ಬೇಕಾದಷ್ಟಿದೆ. 2019ರಲ್ಲಿ ಮೆರಿಯಂ ವೆಬ್‌ಸ್ಟರ್ ‘ದೇ’ನ ವರ್ಷದ ಪದ ಅಂತ ಆರಿಸ್ತು.

ಒಂದು ಸೂಕ್ಷ್ಮ ಇದೆ. 1997ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಓದೋ ವೇಗ ಅಳೆದು ನೋಡಿದ್ರು. ‘ಯಾರೇ ಆಗ್ಲಿ’, ‘ಯಾವನೋ ಒಬ್ಬ ಟ್ರಕ್ ಡ್ರೈವರ್’ ಥರ ಗೊತ್ತಿಲ್ಲದ ವ್ಯಕ್ತಿಗೆ ‘ದೇ’ ಬಂದಾಗ ಓದೋರು ಎಡವಲಿಲ್ಲ, ಆದ್ರೆ ‘ನಾನು ನಿನ್ನೆ ಮಾತಾಡಿಸಿದ ಆ ಡ್ರೈವರ್’ ಅಂತ ಒಬ್ಬ ನಿರ್ದಿಷ್ಟ ಮನುಷ್ಯನಿಗೆ ‘ದೇ’ ಬಂದಾಗ ಓದು ನಿಧಾನ ಆಯ್ತು. ಎಸ್ಸೇ ಬರೆಯೋರಿಗೆ ಇದು ಉಪಯೋಗದ ಮಾತು, ಸಾಮಾನ್ಯವಾಗಿ ಎಲ್ಲರ ಬಗ್ಗೆ ಹೇಳುವಾಗ ‘ದೇ’ ಸಲೀಸು, ಒಬ್ಬರನ್ನೇ ಕಣ್ಣ ಮುಂದೆ ನಿಲ್ಲಿಸಿದ ಮೇಲೆ ಆ ವ್ಯಕ್ತಿ ತಾನು ಬಳಸೋ ಸರ್ವನಾಮ ಯಾವುದೋ ಅದನ್ನೇ ಹಾಕಿ. ಆ ವ್ಯಕ್ತಿ ‘ದೇ’ ಅಂತ್ಲೇ ಹೇಳ್ಕೊಂಡ್ರೆ ‘ದೇ’ನೇ.

ಯಾವ ಸ್ಟೈಲ್ ಗೈಡ್ (ಬರವಣಿಗೆ ನಿಯಮಗಳ ಕೈಪಿಡಿ) ಏನ್ ಹೇಳುತ್ತೆ?

ಎಪಿಎ 2019ರ 7ನೇ ಆವೃತ್ತೀಲಿ ಏಕವಚನದ ‘ದೇ’ಗೆ ಪೂರ್ತಿ ಒಪ್ಪಿಗೆ ಕೊಡ್ತು, ಬರೀ ‘ಹೀ’ ಅಥವಾ ಬರೀ ‘ಶೀ’ ಎಲ್ಲರಿಗೂ ಅನ್ವಯ ಅನ್ನೋ ಥರ ಬಳಸ್ಬೇಡಿ ಅಂತಾನೂ ಹೇಳುತ್ತೆ. ಲಿಟರೇಚರ್ ಕ್ಲಾಸ್‌ಗಳಲ್ಲಿ ನಡೆಯೋ ಎಂಎಲ್‌ಎ ಅನ್ನೋ ಗೈಡ್ 2021ರ 9ನೇ ಆವೃತ್ತೀಲಿ ಇದಕ್ಕೇ ಒಂದು ಅಧ್ಯಾಯ ಇಟ್ಟಿದೆ. ಹಿಸ್ಟರಿಯವರ ಶಿಕಾಗೋ ಮ್ಯಾನ್ಯುಯಲ್ ನಿಧಾನಸ್ಥ, 2017ರಲ್ಲೂ ಫಾರ್ಮಲ್ ಬರವಣಿಗೇಲಿ ಬೇಡ ಅಂತಿತ್ತು, 2024ರ 18ನೇ ಆವೃತ್ತಿಗೆ ಸಡಿಲ ಆಯ್ತು. ನ್ಯೂಸ್ ಪೇಪರ್‌ನವರ ಎಪಿ ಸ್ಟೈಲ್‌ಬುಕ್ 2017ರಲ್ಲಿ ಒಪ್ಕೊಂಡಿತು, ಆದ್ರೆ ಸಾಧ್ಯ ಆದ್ರೆ ವಾಕ್ಯ ತಿರುಗಿಸಿ ಬರೀರಿ ಅಂತ.

ನಿಮ್ಮ ಸಿಲಬಸ್‌ನಲ್ಲಿ ಯಾವ ಗೈಡ್ ಅಂತ ಬರೆದಿರುತ್ತೋ ಅದೇ ನಿಮಗೆ ಕಾನೂನು.

‘ಹೀ ಆರ್ ಶೀ’ ಅಂತ ಬರೆದ್ರೆ ಸೇಫ್ ಅಲ್ವಾ? ಇಲ್ಲಾ ‘ಹೀ’ ಸ್ಲ್ಯಾಷ್ ‘ಶೀ’?

ಒಂದು ಸಲ ಬಂದ್ರೆ ಯಾರಿಗೂ ತೊಂದರೆ ಇಲ್ಲ. ಒಂದು ಪ್ಯಾರಾದಲ್ಲಿ ನಾಕು ಸಲ ‘ಹೀ ಆರ್ ಶೀ’, ಮೂರು ಸಲ ‘ಹಿಸ್ ಆರ್ ಹರ್’ ಬಂದ್ರೆ ಅದು ಅರ್ಜಿ ಫಾರಂ ಥರ ಕಾಣುತ್ತೆ, ಎಸ್ಸೇ ಥರ ಅಲ್ಲ. ಸ್ಲ್ಯಾಷ್ ಅಂತೂ ನಮ್ಮ ಕ್ವೆಶ್ಚನ್ ಪೇಪರ್‌ಗಳಿಂದ ಬಂದ ಅಭ್ಯಾಸ, ಜೋರಾಗಿ ಓದೋಕೂ ಬರಲ್ಲ, ಎಸ್ ಸ್ಲ್ಯಾಷ್ ಹೀ ಥರದ್ದನ್ನ ಎಪಿಎ ನೇರವಾಗಿ ಬೇಡ ಅನ್ನುತ್ತೆ. ಒಂದು ಪ್ಯಾರಾಕ್ಕೆ ‘ಹೀ’ ಮುಂದಿನ ಪ್ಯಾರಾಕ್ಕೆ ‘ಶೀ’ ಅಂತ ಅದಲು ಬದಲು ಮಾಡೋರೂ ಇದಾರೆ, ಅದರಲ್ಲಿ ಓದೋರು ಇವ್ಳು ಯಾರು ಹೊಸಬ್ಳು ಬಂದ್ಳು ಅಂತ ಹಿಂದೆ ಹೋಗಿ ಹುಡುಕ್ತಾರೆ.

ಸರಿ, ಎಲ್ಲಾ ‘ಹೀ’ನೂ ಫೈಂಡ್ ಆಂಡ್ ರೀಪ್ಲೇಸ್‌ನಲ್ಲಿ ‘ದೇ’ ಮಾಡ್ಬಿಟ್ರೆ ಮುಗೀತಲ್ಲ?

ದಯವಿಟ್ಟು ಬೇಡ. ಈ ಇಡೀ ವಿಷಯದಲ್ಲಿ ನಾನು ಒಂದೇ ಒಂದು ಮಾತು ಹೇಳೋದಾದ್ರೆ ಇದನ್ನೇ ಹೇಳ್ತೀನಿ, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ.

ಒಂದು ವಾಕ್ಯ ತಗೊಳ್ಳಿ, ನರ್ಸಿಂಗ್ ಸೋಶಿಯಾಲಜಿ ಎಸ್ಸೇಗಳಲ್ಲಿ ದಿನಾ ಬರೋಂಥದ್ದು. ‘ವೆನ್ ಎ ಡಾಕ್ಟರ್ ಮೀಟ್ಸ್ ಎ ಪೇಶೆಂಟ್, ಹೀ ಮಸ್ಟ್ ಲಿಸನ್ ಟು ಹಿಮ್.’ ಇಲ್ಲಿ ಡಾಕ್ಟರ್ ಗಂಡಸು ಅಂತ ಅಂದ್ಕೊಂಡಿದ್ದು ಒಂದು ಸಮಸ್ಯೆ, ಆದ್ರೆ ಅದಕ್ಕಿಂತ ಮುಂಚೆ ಇನ್ನೊಂದು ಸಮಸ್ಯೆ ಇದೆ, ಯಾರು ಯಾರ ಮಾತು ಕೇಳ್ಬೇಕು ಅಂತ ಸರ್ವನಾಮ ಹೇಳ್ತಾ ಇಲ್ಲ. ಈಗ ರೀಪ್ಲೇಸ್ ಬಟನ್ ಒತ್ತಿ, ‘ದೇ ಮಸ್ಟ್ ಲಿಸನ್ ಟು ದೆಮ್’ ಆಯ್ತು. ನ್ಯೂಟ್ರಲ್ ಆಯ್ತು, ಆದ್ರೆ ಮೊದಲಿಗಿಂತ ಕೆಟ್ಟದಾಯ್ತು, ಈಗ ಡಾಕ್ಟರೋ ಪೇಶೆಂಟೋ ಅಥವಾ ಇಬ್ರೂ ಸೇರಿ ಮೂರನೆಯವರ ಮಾತು ಕೇಳ್ತಿದ್ದಾರೋ ದೇವರಿಗೇ ಗೊತ್ತು. ‘ಹೀ ಆರ್ ಶೀ ಮಸ್ಟ್ ಲಿಸನ್ ಟು ಹಿಮ್ ಆರ್ ಹರ್’ ಅಂದ್ರೆ ನಾಲಿಗೆ ಹೊರಳಲ್ಲ.

ವಾಕ್ಯ ಬಿಚ್ಚಿ ಮತ್ತೆ ಕಟ್ಟಿ. ‘ಡಾಕ್ಟರ್ಸ್ ಮಸ್ಟ್ ಲಿಸನ್ ಟು ದ ಪೇಶೆಂಟ್ ಇನ್ ಫ್ರಂಟ್ ಆಫ್ ದೆಮ್.’ ಡಾಕ್ಟರ್‌ಗಳು ಬಹುವಚನ, ಪೇಶೆಂಟ್ ಏಕವಚನ, ‘ದೆಮ್’ ಯಾರು ಅಂತ ಗೊಂದಲ ಇಲ್ಲ, ಗಂಡು ಹೆಣ್ಣಿನ ಪ್ರಶ್ನೆ ಏಳೋದೇ ಇಲ್ಲ, ಮೇಲಾಗಿ ‘ಎದುರಿಗೆ ಕೂತಿರೋ ಆ ಒಬ್ಬ ಪೇಶೆಂಟ್’ ಅನ್ನೋ ಅರ್ಥಾನೂ ಬಂತು, ಮೊದಲಿನ ವಾಕ್ಯದಲ್ಲಿ ಅದು ಇರಲೇ ಇಲ್ಲ. ಎರಡು ಕೆಲಸ ಒಟ್ಟಿಗೆ ಆಯ್ತು. ಗ್ರೇಡ್ ಮಾಡೋರ ಕಣ್ಣಿಗೆ ಬೀಳೋದು ಈ ಎರಡನೇ ಕೆಲಸ, ಮೊದಲ್ನೇದು ಗಮನಕ್ಕೇ ಬರಲ್ಲ, ಬರಬಾರದು ಕೂಡ.

ಬೇರೆ ದಾರಿಗಳೂ ಇವೆ. ಸರ್ವನಾಮ ಬಿಟ್ಟೇ ಬಿಡಿ, ‘ಹಿಸ್ ಎಸ್ಸೇ’ ಬದಲು ‘ಆ್ಯನ್ ಎಸ್ಸೇ’. ಕರ್ತೃನ ‘ಹೂ’ ಮೇಲೆ ಹಾಕಿ, ‘ಇಫ್ ಎ ಸ್ಟೂಡೆಂಟ್ ಕಾಪೀಸ್, ಹೀ ವಿಲ್ ಫೇಲ್’ ಅನ್ನೋದು ‘ಎ ಸ್ಟೂಡೆಂಟ್ ಹೂ ಕಾಪೀಸ್ ವಿಲ್ ಫೇಲ್’ ಆಗುತ್ತೆ, ಚಿಕ್ಕದೂ ಆಗುತ್ತೆ. ಪ್ಯಾಸಿವ್‌ಗೆ ಮಾತ್ರ ಓಡಬೇಡಿ, ಎಲ್ಲಾ ವಾಕ್ಯ ಪ್ಯಾಸಿವ್ ಆದ್ರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತೆ.

ಹಳೇ ಪುಸ್ತಕದಿಂದ ಕೋಟ್ ಮಾಡುವಾಗ ತಿದ್ದಬೇಕಾ?

ಮುಟ್ಟಬೇಡಿ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೇಲಿ ‘ಆಲ್ ಮೆನ್ ಆರ್ ಕ್ರಿಯೇಟೆಡ್ ಈಕ್ವಲ್’ ಅಂತಿದ್ರೆ ಹಾಗೇ ಕೋಟ್ ಮಾಡಿ. ಪ್ರತಿ ‘ಮೆನ್’ ಮುಂದೆ ಬ್ರಾಕೆಟ್‌ನಲ್ಲಿ ‘ಸಿಕ್’ (ಮೂಲದಲ್ಲೇ ಹೀಗಿದೆ ಅನ್ನೋ ಗುರುತು) ಹಾಕಿ ಮೂದಲಿಸೋದೂ ಬೇಡ, 18ನೇ ಶತಮಾನದವರನ್ನ ಕ್ಲಾಸ್ ಮುಂದೆ ನಿಲ್ಲಿಸಿ ಬಸ್ಕಿ ಹೊಡೆಸಿದ ಹಾಗೆ ಕಾಣುತ್ತೆ.

ಆಮೇಲೆ ನಿಮ್ಮ ಸ್ವಂತ ಮಾತಲ್ಲಿ ಅದನ್ನ ವಿವರಿಸ್ತೀರಲ್ಲ, ಅಲ್ಲಿ ಹುಷಾರಾಗಿರಿ. ಒಳ್ಳೇ ಮನಸ್ಸಿಂದ ನ್ಯೂಟ್ರಲ್ ಮಾಡೋಕೆ ಹೋಗಿ ಸುಳ್ಳು ಹೇಳೋರು ಬಹಳ. ‘19ನೇ ಶತಮಾನದ ಶುರುವಲ್ಲಿ ಆಸ್ತಿ ಇಲ್ಲದ ಅಮೆರಿಕನ್ನರಿಗೂ ವೋಟು ಸಿಕ್ಕಿತು’ ಅಂತ ಬರೆದ್ರೆ ಅದು ನ್ಯೂಟ್ರಲ್, ಅದು ತಪ್ಪು. ಸಿಕ್ಕಿದ್ದು ಬಿಳಿ ಗಂಡಸರಿಗೆ. ಹೆಂಗಸರಿಗೆ ದೇಶಾದ್ಯಂತ ಸಂವಿಧಾನದ ಗ್ಯಾರಂಟಿ ಬಂದಿದ್ದು 1920ರಲ್ಲಿ, 19ನೇ ತಿದ್ದುಪಡಿಯಿಂದ. ಅಲ್ಲಿ ‘ವೈಟ್ ಮೆನ್’ ಅಂತ್ಲೇ ಬರೀಬೇಕು. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್‌ನಲ್ಲಿ ಮಹಿಳಾ ಹಕ್ಕುಗಳ ಸಭೆಗೆ ಸೇರಿದ ಹೆಂಗಸರು ಆ ಹಳೇ ವಾಕ್ಯಾನೇ ಎತ್ಕೊಂಡು ‘ಆಲ್ ಮೆನ್ ಆಂಡ್ ವಿಮೆನ್’ ಅಂತ ಎರಡು ಪದ ಸೇರಿಸಿದ್ರು, ‘ಮೆನ್’ ಅಂದ್ರೆ ಎಲ್ರೂ ಬರ್ತಾರೆ ಅನ್ನೋದು ಅವರಿಗೆ ಸಾಕಾಗಿದ್ರೆ ಸೇರಿಸ್ತಾನೇ ಇರಲಿಲ್ಲ. ಹಿಸ್ಟರಿ ಎಸ್ಸೇಲಿ ಈ ವ್ಯತ್ಯಾಸ ಹಿಡಿದೋರಿಗೆ ಮಾರ್ಕ್ಸ್ ತಾನಾಗೇ ಬರುತ್ತೆ.

ಆರ್ಟಿಕಲ್ ಬರೆದೋರು ಗಂಡೋ ಹೆಣ್ಣೋ ಗೊತ್ತಿಲ್ಲ, ಏನ್ ಮಾಡ್ಲಿ?

ನಮ್ಮೋರ ಎಸ್ಸೇಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದು, ಮ್ಯಾನ್‌ಕೈಂಡ್ ಎಲ್ಲಾ ಆಮೇಲೆ. ಸೈಟೇಶನ್‌ನಲ್ಲಿ ಬರೀ ಸರ್‌ನೇಮು ಇನಿಶಿಯಲ್ಲು ಇರುತ್ತೆ, ಓದೋನು ತನ್ನ ಪಾಡಿಗೆ ‘ಹೀ ಆರ್ಗ್ಯೂಸ್’ ಅಂತ ಬರ್ಕೊಂಡು ಹೋಗ್ತಾನೆ, ಆ ಆಥರ್ ಹೆಂಗಸು, ಕೆಲವು ಸಲ ಅದೇ ಡಿಪಾರ್ಟ್‌ಮೆಂಟಿನ ಪ್ರೊಫೆಸರ್ರೇ ಆಗಿರ್ತಾರೆ. ಇದನ್ನ ಯಾರೂ ಸ್ಟೈಲ್ ತಪ್ಪು ಅಂತ ನೋಡಲ್ಲ, ಈ ಹುಡುಗ ಸೋರ್ಸ್ ಸರಿಯಾಗಿ ನೋಡೇ ಇಲ್ಲ ಅಂತ ತಿಳ್ಕೋತಾರೆ. ಆಥರ್ ಪೇಜ್ ಒಂದು ನಿಮಿಷ ನೋಡಿ, ಗೊತ್ತಾಗ್ಲಿಲ್ಲ ಅಂದ್ರೆ ಸರ್‌ನೇಮೇ ಮತ್ತೆ ಬರೀರಿ, ಇಲ್ಲಾ ‘ದ ಆಥರ್’, ‘ದ ಸ್ಟಡಿ’ ಅನ್ನಿ.

ಕನ್ನಡದಲ್ಲಿ ಯೋಚ್ನೆ ಮಾಡಿ ಇಂಗ್ಲಿಷ್ ಬರೆಯೋರಿಗೆ ಇದು ಕಷ್ಟನಾ?

ಒಂದು ರೀತೀಲಿ ಸುಲಭ. ‘ವಿದ್ಯಾರ್ಥಿ ತನ್ನ ಉತ್ತರ ತಾನೇ ಬರೀಬೇಕು’ ಅಂದಾಗ ‘ತನ್ನ’ದಲ್ಲಿ ಲಿಂಗ ಇಲ್ಲ, ‘ಅವರು’ ಅನ್ನೋದ್ರಲ್ಲೂ ಇಲ್ಲ. ಆದ್ರೆ ಇಂಗ್ಲಿಷ್‌ಗೆ ಬರೋ ಹೊತ್ತಿಗೆ ನಮ್ಮ ಕೈ ತಾನಾಗೇ ‘ಹಿಸ್’ ಕಡೆ ಹೋಗುತ್ತೆ, ಸ್ಕೂಲಲ್ಲಿ ಉರು ಹೊಡೆದಿದ್ದು ಅದೇ ಅಲ್ವಾ. ಹಾಗಂತ ಕನ್ನಡ ಏನೂ ಪರಮ ಸಮಾನತೆಯ ಭಾಷೆ ಅಲ್ಲ, ಮಂತ್ರಿ ಅಂದ್ರೆ ಗಂಡು, ಹೆಣ್ಣಾದ್ರೆ ‘ಮಹಿಳಾ ಮಂತ್ರಿ’ ಅಂತ ಪೇಪರ್‌ನಲ್ಲಿ ಇವತ್ತಿಗೂ ಬರುತ್ತೆ. ನಮ್ಮ ಸುಪ್ರೀಂ ಕೋರ್ಟೇ 2023ರ ಆಗಸ್ಟ್‌ನಲ್ಲಿ, ಚಂದ್ರಚೂಡ್ ಅವರು ಮುಖ್ಯ ನ್ಯಾಯಮೂರ್ತಿ ಆಗಿದ್ದಾಗ, ತೀರ್ಪುಗಳಲ್ಲಿ ಹೆಂಗಸರ ಬಗ್ಗೆ ಯಾವ ಪದ ಬೇಡ ಅದರ ಬದಲು ಯಾವುದು ಅಂತ ಒಂದು ಕೈಪಿಡಿ ತಂತು.

ನಾನು ಇದನ್ನ ಒಪ್ಪಲ್ಲ. ನನ್ನ ಅಭಿಪ್ರಾಯಕ್ಕೆ ಮಾರ್ಕ್ಸ್ ಕಟ್ ಮಾಡೋದು ಅನ್ಯಾಯ ಅಲ್ವಾ?

ಅಭಿಪ್ರಾಯಕ್ಕೆ ಕಟ್ ಮಾಡೋದು ಅನ್ಯಾಯ, ಖಂಡಿತ. ‘ಏಕವಚನದ ದೇ ಬೇಡ’ ಅಂತ ವಾದಿಸಿ ಎಸ್ಸೇ ಬರೆದ್ರೆ, ವಾದ ಗಟ್ಟಿಯಾಗಿದ್ರೆ, ಅದಕ್ಕೆ ಎ ಕೊಡ್ಲೇಬೇಕು, ಕೊಡದ ಟೀಚರ್ ಟೀಚರ್ರೇ ಅಲ್ಲ. ಆದ್ರೆ ಕ್ಲಾಸಿಗೆ ಅಂತ ಒಂದು ಸ್ಟೈಲ್ ಗೈಡ್ ಗೊತ್ತು ಮಾಡಿ, ಮೊದಲ ದಿನವೇ ರೂಬ್ರಿಕ್ (ಯಾವುದಕ್ಕೆ ಎಷ್ಟು ಮಾರ್ಕ್ಸ್ ಅನ್ನೋ ಪಟ್ಟಿ) ಕೊಟ್ಟಿದ್ರೆ, ಅದನ್ನ ಪಾಲಿಸ್ಲಿಲ್ಲ ಅಂತ ಒಂದು ಪಾಯಿಂಟ್ ತೆಗೆಯೋದು ಮಾರ್ಜಿನ್ ಒಂದು ಇಂಚು ಬಿಡ್ಲಿಲ್ಲ ಅಂತ ತೆಗೆದ ಹಾಗೆ, ಅದರಲ್ಲಿ ನನಗೆ ದಬ್ಬಾಳಿಕೆ ಕಾಣಲ್ಲ. ರೂಬ್ರಿಕ್‌ನಲ್ಲಿ ಇಲ್ಲದೇ, ಹೇಳದೇ ಕೇಳದೇ ಕಟ್ ಮಾಡಿದ್ರೆ ಜಗಳ ಆಡೋ ಹಕ್ಕು ನಿಮಗಿದೆ.

ಹಾಗಾದ್ರೆ ಗ್ರೇಡ್ ಅಪೀಲ್ ಮಾಡ್ಲಾ?

ಮೊದಲು ಆಫೀಸ್ ಅವರ್ಸ್‌ಗೆ (ಟೀಚರ್ ವಿದ್ಯಾರ್ಥಿಗಳಿಗೆ ಸಿಗೋ ಹೊತ್ತು) ಹೋಗಿ ‘ಇದನ್ನ ಹೇಗೆ ಬರೆದಿದ್ರೆ ಚೆನ್ನಾಗಿರ್ತಿತ್ತು’ ಅಂತ ಕೇಳಿ, ಬಹಳ ಸಲ ಅಲ್ಲೇ ಮುಗಿಯುತ್ತೆ. ಫಾರ್ಮಲ್ ಅಪೀಲ್ ಗೆಲ್ಲೋದು ಕಷ್ಟ, ಬಹುತೇಕ ಕಾಲೇಜುಗಳಲ್ಲಿ ಟೀಚರ್ ಮನಸ್ಸಿಗೆ ಬಂದ ಹಾಗೆ ಗ್ರೇಡ್ ಮಾಡಿದ್ರು ಅಂತ ನೀವೇ ತೋರಿಸ್ಬೇಕು. ಕೋರ್ಟುಗಳೂ ಕೈ ಹಾಕಲ್ಲ, 1985ರಲ್ಲಿ ಮಿಶಿಗನ್ ಯೂನಿವರ್ಸಿಟಿಯ ಒಂದು ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಧ್ಯಾಪಕರ ಶೈಕ್ಷಣಿಕ ತೀರ್ಮಾನಕ್ಕೆ ಜಡ್ಜುಗಳು ಬೆಲೆ ಕೊಡ್ಬೇಕು ಅಂತ ಹೇಳ್ತು.

ಹಾಗಂತ ಟೀಚರ್‌ಗಳ ಮೇಲೆ ಏನೂ ಬರಲ್ಲ ಅಂತಲ್ಲ. 2025ರ ಕೊನೇಲಿ ಓಕ್ಲಹೋಮಾ ಯೂನಿವರ್ಸಿಟೀಲಿ ಜೆಂಡರ್ ಬಗ್ಗೆ ಬೈಬಲ್ ಆಧಾರದ ಮೇಲೆ ಬರೆದ ಒಂದು ಸೈಕಾಲಜಿ ಎಸ್ಸೇಗೆ ಸೊನ್ನೆ ಬಿತ್ತು, ಗಲಾಟೆ ಆಯ್ತು, ಕೊನೆಗೆ ಯೂನಿವರ್ಸಿಟಿ ಆ ಗ್ರೇಡಿಂಗ್ ಮನಬಂದಂತೆ ಇತ್ತು ಅಂತ ಹೇಳಿ ಗ್ರೇಡ್ ಕೊಟ್ಟ ಟಿಎಗೆ (ಪ್ರೊಫೆಸರ್‌ಗೆ ನೆರವಾಗೋ ಟೀಚಿಂಗ್ ಅಸಿಸ್ಟೆಂಟ್) ಇನ್ಮೇಲೆ ಪಾಠದ ಕೆಲಸ ಇಲ್ಲ ಅಂತು. ಅದು ಪದಬಳಕೆ ವಿಷಯ ಅಲ್ಲ, ಎಸ್ಸೇ ಒಳಗಿನ ವಾದದ ವಿಷಯ, ಆದ್ರೆ ನಮ್ಮ ಹುಡುಗ್ರು ಎಷ್ಟೋ ಜನ ಅಲ್ಲಿ ಟಿಎ ಆಗಿರ್ತಾರಲ್ಲ, ಅವರಿಗೆ ಮುಂದಿನ ಪ್ರಶ್ನೆ ಬೇಕು.

ನಾನೇ ಟಿಎ. ನಾನು ಹೇಗೆ ಗ್ರೇಡ್ ಮಾಡ್ಲಿ?

ಪ್ರೊಫೆಸರ್ ಹತ್ರ ರೂಬ್ರಿಕ್ ಬರವಣಿಗೇಲಿ ಇಸ್ಕೊಳ್ಳಿ, ಬಾಯಿಮಾತು ಬೇಡ. ಮೊದಲ ಡ್ರಾಫ್ಟ್‌ನಲ್ಲಿ ಕಾಮೆಂಟ್ ಮಾತ್ರ, ಪಾಯಿಂಟ್ ತೆಗೀಬೇಡಿ. ‘ಸೆಕ್ಸಿಸ್ಟ್’ ಅಂತ ಬರೆದು ಬಿಡೋ ಬದಲು ‘ಇಲ್ಲಿ ಹೀ ಅಂದ್ರೆ ಯಾರು?’ ಅಂತ ಕೇಳಿ, ಬರೆದೋರಿಗೆ ವಾಕ್ಯ ಮತ್ತೆ ಓದೋಕೆ ಒಂದು ಕಾರಣ ಸಿಗುತ್ತೆ. ಒಂದೇ ತಪ್ಪು ಹತ್ತು ಸಲ ಬಂದ್ರೆ ಒಂದು ಸಲಕ್ಕೆ ಮಾತ್ರ ಲೆಕ್ಕ. ಇಂಗ್ಲಿಷ್ ಮನೆಭಾಷೆ ಅಲ್ಲದವರು ಹೀ ಶೀ ಅದಲು ಬದಲು ಮಾಡಿದ್ರೆ ಅದನ್ನ ಧೋರಣೆ ಅಂತ ತಿಳ್ಕೋಬೇಡಿ, ಎಷ್ಟೋ ಭಾಷೆಗಳಲ್ಲಿ ಆ ವ್ಯತ್ಯಾಸನೇ ಇಲ್ಲ, ಚೈನೀಸ್ ಮಾತಾಡುವಾಗ ಎರಡಕ್ಕೂ ಒಂದೇ ಉಚ್ಚಾರ. ಮತ್ತೆ ಎಸ್ಸೇ ನಿಮಗೆ ಆಗದ ರಾಜಕೀಯದ್ದಾಗಿದ್ರೆ ಗ್ರೇಡ್ ಹಾಕೋ ಮುಂಚೆ ಇನ್ನೊಬ್ಬ ಟಿಎಗೆ ಹೆಸರು ಮುಚ್ಚಿ ತೋರಿಸಿ.

ಗ್ರಾಮರ್ ಚೆಕ್ ಸಾಫ್ಟ್‌ವೇರ್ ಹೇಳಿದ್ದೆಲ್ಲ ಒಪ್ಕೊಂಡ್ರೆ ಆಯ್ತಲ್ಲ?

ಎಚ್ಚರಿಕೆ ಗಂಟೆ ಅಂತ ಇಟ್ಕೊಳ್ಳಿ, ಅಷ್ಟೇ. 2022ರಲ್ಲಿ ಗೂಗಲ್ ಡಾಕ್ಸ್ ಇಂಥ ಸಲಹೆ ಕೊಡೋಕೆ ಶುರು ಮಾಡಿದಾಗ ‘ಲ್ಯಾಂಡ್‌ಲಾರ್ಡ್’ ಪದಕ್ಕೂ ಗೆರೆ ಎಳೆದು ಬೈಸ್ಕೊಂಡಿತು. ಸಾಫ್ಟ್‌ವೇರ್ ನೋಡೋದು ಪದ, ಅದು ಕೋಟೇಶನ್ ಒಳಗಿದೆಯಾ, 1920ಕ್ಕೆ ಮುಂಚಿನ ವೋಟರ್ ಬಗ್ಗೆ ಇದೆಯಾ ಅಂತ ಅದಕ್ಕೆ ಗೊತ್ತಾಗಲ್ಲ.

ಕೊನೇದಾಗಿ, ಪ್ರೊಫೆಸರ್‌ಗೆ ಮೇಲ್ ಮಾಡುವಾಗ ‘ಡಿಯರ್ ಸರ್’ ಅಂದ್ರೆ ನಡೆಯುತ್ತಾ?

ಎಸ್ಸೇಲಿ ಅಷ್ಟೆಲ್ಲಾ ಹುಷಾರಾಗಿದ್ದು ಅದನ್ನ ಕಳಿಸೋ ಮೇಲ್‌ನಲ್ಲಿ ಹೆಂಗಸು ಪ್ರೊಫೆಸರ್‌ಗೆ ‘ರೆಸ್ಪೆಕ್ಟೆಡ್ ಸರ್’ ಅಂತ ಬರೆಯೋರು ನಿಜವಾಗ್ಲೂ ಇದಾರೆ. ‘ಸರ್ ಆರ್ ಮೇಡಂ’ ಅಂದ್ರೆ ಯಾರಿಗೆ ಬರೀತಿದ್ದೀನಿ ಅಂತ ನೋಡೇ ಇಲ್ಲ ಅನ್ಸುತ್ತೆ. ‘ಪ್ರೊಫೆಸರ್’ ಆಮೇಲೆ ಸರ್‌ನೇಮು, ಸ್ಪೆಲ್ಲಿಂಗ್ ಸಿಲಬಸ್ ನೋಡಿ ಹಾಕಿ. ಪಾಠ ಮಾಡ್ತಿರೋರು ಪಿಎಚ್‌ಡಿ ಸ್ಟೂಡೆಂಟ್ ಆಗಿದ್ದು ಹೆಸರು ಹಿಡಿದೇ ಕರೀರಿ ಅಂದಿದ್ರೆ ಹೆಸರೇ ಬರೀರಿ, ಮುಜುಗರ ಆಗುತ್ತೆ, ಎರಡು ವಾರಕ್ಕೆ ಸರಿಹೋಗುತ್ತೆ.